ರೈಸರ್ ಒಳಗೇ ಮುರಿದ ಸೈಟ್ ಬೋಲ್ಟ್: ಹೇಗೆ ತೆಗೆಯಲಿ?

ಧಾರವಾಡ_ರಿಕರ್ವ್

ಎಲ್ಲರಿಗೂ ನಮಸ್ಕಾರ. ನನ್ನ ರಿಕರ್ವ್ ಬಿಲ್ಲಿನ ಸೈಟ್ (ಗುರಿ ನೋಡುವ ಸಾಧನ) ಹಿಡಿದಿರುವ ಎರಡು ಬೋಲ್ಟ್‌ಗಳಲ್ಲಿ ಮೇಲಿನದು ನಿನ್ನೆ ಸಂಜೆ ಮುರಿಯಿತು. 70 ಮೀಟರ್ ಅಭ್ಯಾಸ ನಡೆಯುತ್ತಿತ್ತು. ಬಾಣ ಬಿಟ್ಟ ಕೂಡಲೇ ಟಕ್ ಅಂತ ಸದ್ದಾಯಿತು, ಸೈಟ್ ಕೆಳಗಿನ ಬೋಲ್ಟ್ ಮೇಲೆ ಓರೆಯಾಗಿ ನಿಂತಿತು. ತಲೆಯ ಕಡೆಯ ತುಂಡು ಹುಲ್ಲಿನಲ್ಲಿ ಸಿಕ್ಕಿತು. ಉಳಿದದ್ದು ರೈಸರ್ (ಬಿಲ್ಲಿನ ನಡುವಿನ ಹಿಡಿಯ ಭಾಗ) ಒಳಗೇ ಇದೆ, ಮೇಲ್ಮೈಯಿಂದ ಸುಮಾರು 1 ಮಿ.ಮೀ. ಒಳಕ್ಕೆ. ಇಕ್ಕಳಕ್ಕೆ ಸಿಗುವುದಿಲ್ಲ.

ರೈಸರ್ 25 ಇಂಚಿನದು, ಅಲ್ಯೂಮಿನಿಯಂ. ಬಿಲ್ಲು 68 ಇಂಚು, ಲಿಂಬ್ (ಬಾಗುವ ತೋಳು) 36 ಪೌಂಡ್ ಎಳೆತದ್ದು. ಒಬ್ಬ ಹಿರಿಯ ಆಟಗಾರ್ತಿಯಿಂದ ಸೈಟ್ ಸಮೇತ ಕೊಂಡದ್ದು, ಬೋಲ್ಟ್‌ಗಳೂ ಅವರ ಕಾಲದವೇ. ಕಪ್ಪು ಬಣ್ಣದ ಬೋಲ್ಟ್, ಅಲೆನ್ ಕೀ ಹಾಕುವಂಥದ್ದು. ತಲೆ ನೆಟ್ಟಗೆ ಡಬ್ಬಿಯಂತಿದೆ, ಆದರೆ ಸೈಟ್ ಬ್ರಾಕೆಟ್‌ನ ತೂತು ಒಳಕ್ಕೆ ಇಳಿಜಾರಾಗಿದೆ. ಅದು ಸರಿಯೋ ತಪ್ಪೋ ನನಗೆ ತಿಳಿಯದು.

ಮೈದಾನದಲ್ಲಿ ಒಬ್ಬರು "ಡ್ರಿಲ್ ಹಾಕಿಸಿ, ಎಂ6 ಟ್ಯಾಪ್ ಹೊಡೆಸಿಬಿಡಿ" ಅಂದರು, ಅಂದರೆ 6 ಮಿ.ಮೀ. ಬೋಲ್ಟ್‌ಗೆ ಹೊಸ ಥ್ರೆಡ್ ಕೊರೆಸುವುದು. ಇನ್ನೊಬ್ಬರು ರೈಸರ್ ಹೋಯಿತು ಅಂದರು. ಮುಂದಿನ ತಿಂಗಳು ಆಯ್ಕೆ ಪಂದ್ಯ ಇದೆ. ಹೊಸ ರೈಸರ್ ಕೊಳ್ಳುವ ಸ್ಥಿತಿಯಲ್ಲಿ ನಾನಿಲ್ಲ. ಅದಕ್ಕಿಂತ ಜಾಸ್ತಿ, ಇದು ನನ್ನ ಕೈಗೆ ಕೂತ ಬಿಲ್ಲು. ಗ್ರಿಪ್ ಮೇಲೆ ಎಂ-ಸೀಲ್ ಹಚ್ಚಿ ಅಂಗೈಗೆ ತಕ್ಕಂತೆ ಉಜ್ಜಿ ಮಾಡಿಕೊಂಡಿದ್ದೇನೆ. ಯಾರಾದರೂ ಇಂಥ ಕೆಲಸ ಮಾಡಿದವರಿದ್ದರೆ ದಯವಿಟ್ಟು ದಾರಿ ಹೇಳಿ.

ಗ್ಯಾರೇಜ್_ರಾಣೆಬೆನ್ನೂರು

ಅಕ್ಕಾ, ನಾನು ಬಿಲ್ಲು ಹಿಡಿದವನಲ್ಲ, ಬೈಕ್ ಗ್ಯಾರೇಜ್ ನಡೆಸುತ್ತೇನೆ. ಸೈಲೆನ್ಸರ್ ಸ್ಟಡ್ ಇಂಜಿನ್ ಹೆಡ್‌ನಲ್ಲಿ ಮುರಿದರೆ ಅದರ ಮೇಲೆ ನಟ್ ಇಟ್ಟು, ನಟ್ ಒಳಗಿಂದ ವೆಲ್ಡ್ ಹಿಡಿಸುತ್ತೇವೆ. ಬಿಸಿಗೆ ಹಿಡಿತ ಬಿಡುತ್ತದೆ, ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬಂದುಬಿಡುತ್ತದೆ. ಹೆಡ್ ಕೂಡ ಅಲ್ಯೂಮಿನಿಯಂ ಅಲ್ವಾ, ಅದಕ್ಕೇನೂ ಆಗುವುದಿಲ್ಲ. ವೆಲ್ಡ್ ಬೇಡ ಅಂದರೆ ಈಜಿ ಔಟ್ ಸೆಟ್ ಸಿಗುತ್ತದೆ, ಮುರಿದ ಬೋಲ್ಟ್ ಕಚ್ಚಿ ತೆಗೆಯುವ ಉಲ್ಟಾ ಥ್ರೆಡ್‌ನ ಕಡ್ಡಿಗಳು. ನಡುವೆ ತೂತು ಹಾಕಿ, ಈಜಿ ಔಟ್ ಇಳಿಸಿ ಎಡಕ್ಕೆ ತಿರುಗಿಸಬೇಕು.

ಟೂಲ್‌ರೂಮ್_ಬೆಳಗಾವಿ

ತಂಗೀ, ಇವತ್ತು ಡ್ರಿಲ್ ಮುಟ್ಟಬೇಡಿ, ಮುಟ್ಟಲೂ ಕೊಡಬೇಡಿ. ಮೊದಲು ಹುಲ್ಲಿನಲ್ಲಿ ಸಿಕ್ಕ ತುಂಡನ್ನು ಬೆಳಕಿಗೆ ಹಿಡಿದು ಮುರಿದ ಮುಖ ನೋಡಿ. ಬೋಲ್ಟ್ ಹೇಗೆ ಮುರಿದಿದೆ ಅನ್ನುವುದು ಅಲ್ಲಿ ಬರೆದಿರುತ್ತದೆ. ಒಳಗಿನ ತುಂಡನ್ನು ಹೇಗೆ ತೆಗೆಯಬೇಕು ಅನ್ನುವುದು ಅದರ ಮೇಲೆಯೇ ನಿಂತಿದೆ.

ನಾನು ಉದ್ಯಮಬಾಗ್‌ನಲ್ಲಿ ಡೈ ಕೆಲಸ ಮಾಡುವವನು. ಮಗಳು ಬಾಣ ಬಿಡುತ್ತಾಳೆ, ಹಾಗಾಗಿ ಅವಳ ಜೊತೆಯವರ ಬಿಲ್ಲುಗಳ ರಿಪೇರಿ ನನ್ನ ಬೆಂಚಿಗೇ ಬರುತ್ತವೆ.

ಮುಖ ಎರಡು ಥರ ಇರಬಹುದು. ಒಂದು, ತಿರುಚಿದ ಸುಳಿಯ ಗುರುತು, ಮುರಿದ ಜಾಗದಲ್ಲಿ ಬೋಲ್ಟ್ ಸಣ್ಣಗಾಗಿ ಎಳೆದಂತೆ ಇರುವುದು. ಅಂದರೆ ಬಿಗಿ ಮಾಡುವಾಗ ತಿರುಚಿಕೊಂಡು ಮುರಿದಿದೆ. ಇಂಥದ್ದು ಬಹಳ ಸಲ ತೂತಿನ ತಳಕ್ಕೆ ಒತ್ತಿಕೊಂಡಿರುತ್ತದೆ, ಇಲ್ಲವೇ ತಪ್ಪು ಥ್ರೆಡ್‌ನಲ್ಲಿ ಕಚ್ಚಿಕೊಂಡಿರುತ್ತದೆ. ಅದು ಸುಲಭಕ್ಕೆ ಬರುವುದಿಲ್ಲ.

ಎರಡು, ಮುಖದ ಹೆಚ್ಚು ಭಾಗ ಕಂದಿ ನುಣುಪಾಗಿ, ಒಂದು ಅಂಚಿನಲ್ಲಿ ಮಾತ್ರ ಸಕ್ಕರೆ ಹರಳಿನ ಹಾಗೆ ಹೊಳೆಯುವ ಒರಟು ಭಾಗ. ಇದು ದಣಿದು ಮುರಿದ ಬೋಲ್ಟ್. ಬಿರುಕು ಬಹಳ ಹಿಂದೆಯೇ ಶುರುವಾಗಿರುತ್ತದೆ. ಒಂದೊಂದು ಬಾಣಕ್ಕೂ ಸೈಟ್ ಅದುರುತ್ತದೆ, ಬಿರುಕು ಕೂದಲೆಳೆಯಷ್ಟು ಮುಂದೆ ಹೋಗುತ್ತದೆ. ಒಡೆದ ಎರಡು ಮುಖಗಳು ಒಂದಕ್ಕೊಂದು ಉಜ್ಜಿ ನುಣುಪಾಗುತ್ತವೆ. ಕೊನೆಗೆ ಉಳಿದ ಚೂರು ತಾಳದೆ ಹೋದಾಗ ಆ ಟಕ್ ಸದ್ದು. ಹೊಳೆಯುವ ಭಾಗ ಅಂದರೆ ನಿನ್ನೆ ಮುರಿದದ್ದು ಅಷ್ಟೇ.

ನಿಮ್ಮದು ಎರಡನೆಯದು ಅಂತ ನನ್ನ ಅಂದಾಜು. ಯಾಕೆಂದರೆ ಬಾಣ ಬಿಡುವಾಗ ಮುರಿದಿದೆ, ಬಿಗಿ ಮಾಡುವಾಗ ಅಲ್ಲ. ಮುರಿದ ಜಾಗವೂ ರೈಸರ್ ಒಳಕ್ಕೆ 1 ಮಿ.ಮೀ., ಅಂದರೆ ಹಿಡಿತ ಶುರುವಾಗುವ ಮೊದಲ ಥ್ರೆಡ್. ದಣಿದ ಬೋಲ್ಟ್‌ಗಳು ಹೆಚ್ಚಾಗಿ ಅಲ್ಲೇ ಹೋಗುತ್ತವೆ. ಕಾರಣವೂ ನಿಮ್ಮ ಮಾತಿನಲ್ಲೇ ಇದೆ. ಇಳಿಜಾರು ತೂತಿಗೆ ಇಳಿಜಾರು ತಲೆಯ ಕೌಂಟರ್‌ಸಂಕ್ ಬೋಲ್ಟ್ ಬೇಕು. ಡಬ್ಬಿ ತಲೆ ಹಾಕಿದರೆ ಅದು ತೂತಿನ ಅಂಚಿನ ಮೇಲೆ ಮಾತ್ರ ಕೂರುತ್ತದೆ. ಎಷ್ಟು ಬಿಗಿ ಮಾಡಿದರೂ ಬ್ರಾಕೆಟ್ ಒಂದಿಷ್ಟು ಅಲುಗುತ್ತದೆ, ಬೋಲ್ಟ್ ಪ್ರತಿ ಸಲ ಬಾಗುತ್ತದೆ.

ಈಗ ಒಳ್ಳೆಯ ಸುದ್ದಿ. ಬೋಲ್ಟ್ ಬಿಗಿಯಾಗಿ ನಿಲ್ಲುವುದು ತಲೆ ಒಂದು ಕಡೆ, ಥ್ರೆಡ್ ಇನ್ನೊಂದು ಕಡೆ ಎಳೆಯುವುದರಿಂದ. ತಲೆ ಹೋದ ಮೇಲೆ ಆ ಎಳೆತ ಇಲ್ಲ. ದಣಿದು ಮುರಿದ ತುಂಡು ತೂತಿನಲ್ಲಿ ಸುಮ್ನೆ ಕೂತಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಕೊಳೆ ಅಥವಾ ಲಾಕ್‌ಟೈಟ್ (ಥ್ರೆಡ್‌ಗೆ ಹಾಕುವ ಅಂಟು) ಅಷ್ಟೇ. ಹಾಗಾಗಿ ಹೀಗೆ ಮಾಡಿ.

ಸ್ಟ್ರಿಂಗ್ ಇಳಿಸಿ, ಲಿಂಬ್ ಎರಡೂ ಬಿಚ್ಚಿ. ಬಾಣ ಕೂರುವ ಜಾಗದ ಕ್ಲಿಕ್ಕರ್, ಪ್ಲಂಜರ್ ತೆಗೆದಿಡಿ. ರೈಸರ್ ಬರಿದಾಗಿರಬೇಕು. ತೂತು ಮೇಲ್ಮುಖವಾಗಿ ಬರುವಂತೆ ದಪ್ಪ ಟವೆಲ್ ಮೇಲೆ ಮಲಗಿಸಿ. ಡಬ್ಲ್ಯೂಡಿ-40 ಒಂದೆರಡು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೂಪು ಸ್ಕ್ರೈಬರ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಗಟ್ಟಿ ದಬ್ಬಣವೂ ಆದೀತು. ಮುರಿದ ಮುಖ ಯಾವತ್ತೂ ಸಪಾಟಾಗಿರುವುದಿಲ್ಲ, ಎಲ್ಲೋ ಒಂದು ಕಡೆ ಉಬ್ಬು ಇರುತ್ತದೆ. ತುದಿಯನ್ನು ಆ ಉಬ್ಬಿಗೆ ಕೊಟ್ಟು ಎಡಕ್ಕೆ ತಳ್ಳಿ. ಒತ್ತಬೇಡಿ, ಸುತ್ತ ತಳ್ಳಿ. ಕದಲಿತು ಅಂದರೆ ಗೆದ್ದಂತೆ.

ಇನ್ನೊಂದು. ಆಚೆ ಬದಿಯಿಂದ ಟಾರ್ಚ್ ಬಿಟ್ಟು ನೋಡಿ. ತೂತು ಆರುಪಾರಾಗಿದ್ದರೆ ತುಂಡನ್ನು ಬಲಕ್ಕೆ ತಿರುಗಿಸಿ ಆಚೆಯಿಂದಲೂ ಹೊರಗೆ ಹಾಕಬಹುದು.

ರಾಣೆಬೆನ್ನೂರಿನ ತಮ್ಮ ಹೇಳಿದ ವೆಲ್ಡಿಂಗ್ ಇಂಜಿನ್‌ಗೆ ಸರಿಯಾದ ಕೆಲಸ, ನಾನೂ ಮಾಡಿಸಿದ್ದೇನೆ. ಆದರೆ ಅಲ್ಲಿ ಸ್ಟಡ್ ದಪ್ಪ, ಸುತ್ತಲೂ ಗಟ್ಟಿ ಲೋಹ. ಇಲ್ಲಿ ಬೋಲ್ಟ್ 5 ಮಿ.ಮೀ. ಕೂಡ ಇಲ್ಲ, ರೈಸರ್ ಗೋಡೆ ತೆಳು. ಇಂಥ ರೈಸರ್‌ಗಳು ಹೆಚ್ಚಾಗಿ 6061-ಟಿ6 ಅಲ್ಯೂಮಿನಿಯಂ. ಆ ಟಿ6 ಗಟ್ಟಿತನ ಬಂದಿರುವುದೇ 160ರಿಂದ 180 ಡಿಗ್ರಿಯಲ್ಲಿ ಹದ ಮಾಡಿ. ಅದಕ್ಕಿಂತ ಬಹಳ ಮೇಲೆ ಕಾಯಿಸಿದರೆ ಆ ಜಾಗ ಮೆತ್ತಗಾಗುತ್ತದೆ. ಬಿಲ್ಲು ಎಳೆದಾಗ ಭಾರವೆಲ್ಲ ಬರುವುದು ರೈಸರ್ ಮೇಲೆ. ಅಲ್ಲಿ ಮೆತ್ತನೆ ಜಾಗ ಇರಬಾರದು.

ಈಜಿ ಔಟ್ ಅಂತೂ ಇಷ್ಟು ಸಣ್ಣ ಬೋಲ್ಟ್‌ಗೆ ಬೇಡವೇ ಬೇಡ. ಅದು ಪೆನ್ಸಿಲ್ ಮೊನೆಗಿಂತ ಅಷ್ಟೇನೂ ದಪ್ಪ ಇರುವುದಿಲ್ಲ, ಗಟ್ಟಿ, ಆದರೆ ಪೆಡಸು. ಒಳಗೆ ಮುರಿದರೆ ಸಾದಾ ಡ್ರಿಲ್ ಅದನ್ನು ಕೊರೆಯುವುದಿಲ್ಲ. ಆಮೇಲೆ ಕಿಡಿಯಿಂದ ಲೋಹ ತಿನ್ನುವ ಸ್ಪಾರ್ಕ್ ಎರೋಷನ್ ಮೆಷಿನ್ ಹುಡುಕಬೇಕಾಗುತ್ತದೆ.

ಎಂ6 ವಿಷಯ. ಎಂ6 ಹೊಡೆಯಬೇಕಾದರೂ ಈ ತುಂಡು ಮೊದಲು ಹೊರಗೆ ಬರಲೇಬೇಕು ಅಲ್ವಾ? ಅದು ಬಂದಮೇಲೆ ಹಳೇ ಥ್ರೆಡ್ ಚೆನ್ನಾಗಿದ್ದರೆ ದೊಡ್ಡದು ಯಾಕೆ ಬೇಕು? ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿ ಸುರುಳಿ) ಹಾಕಿ ಮೂಲ ಅಳತೆಯನ್ನೇ ವಾಪಸ್ ತರಬಹುದು. ಎಂ6 ಮಾಡಿದರೆ ಬ್ರಾಕೆಟ್ ತೂತೂ ಕೊರೆಯಬೇಕು, ಮುಂದೆ ಯಾವ ಸೈಟ್ ಕೊಂಡರೂ ಕೂರುವುದಿಲ್ಲ.

ಕರಾವಳಿ_ಕಾಂಪೌಂಡ್

ಮೇಡಂ, ನನ್ನ ಅನುಭವವೂ ಇರಲಿ. ನಾನು ಮಂಗಳೂರಿನವ, ಕಾಂಪೌಂಡ್ (ತುದಿಯಲ್ಲಿ ಕ್ಯಾಮ್ ಎಂಬ ಗಾಲಿ ಇರುವ ಬಿಲ್ಲು) ಬಿಡುತ್ತೇನೆ. ನನ್ನದು ಸ್ಟೆಬಿಲೈಜರ್ (ಬಿಲ್ಲಿನ ಸಮತೋಲನದ ರಾಡ್) ಹಿಡಿಯುವ ಸ್ಟಡ್ ಮುರಿದದ್ದು, 5/16-24 ಅಳತೆಯದು. 30 ಇಂಚಿನ ರಾಡ್, ತುದಿಯಲ್ಲಿ ತೂಕ, ಎಲ್ಲ ಒಂದು ಸ್ಟಡ್ ಮೇಲೆ. ನನ್ನ ಕೇಸಿನಲ್ಲಿ ಸೂಜಿ, ಸ್ಕ್ರೈಬರ್ ಯಾವುದಕ್ಕೂ ಕದಲಲಿಲ್ಲ. ಕಾರಣ ನಮ್ಮ ಊರಿನ ಹವೆ. ಸ್ಟೇನ್‌ಲೆಸ್ ಬೋಲ್ಟ್ ಅಲ್ಯೂಮಿನಿಯಂ ತೂತಿನಲ್ಲಿ ಉಪ್ಪು ತೇವ ಕುಡಿದರೆ ಅಲ್ಯೂಮಿನಿಯಂ ತುಕ್ಕು ಹಿಡಿದು ಬಿಳಿ ಪುಡಿ ಉಬ್ಬುತ್ತದೆ, ಥ್ರೆಡ್ ಕಚ್ಚಿಕೊಳ್ಳುತ್ತದೆ. ನಿಮ್ಮ ತೂತಿನ ಬಾಯಲ್ಲಿ ಬಿಳಿ ಪುಡಿ ಕಂಡರೆ ಒಂದು ರಾತ್ರಿ ಎಣ್ಣೆ ಸಾಲದು. ದಿನಾ ಹನಿ ಬಿಡುತ್ತಾ ತಾಳ್ಮೆಯಿಂದ ಕಾಯಬೇಕು.

ನನ್ನದನ್ನು ಲೆಫ್ಟ್ ಹ್ಯಾಂಡ್ ಡ್ರಿಲ್ ಬಿಟ್‌ನಿಂದ ತೆಗೆಸಿದೆ. ಅದು ಎಡಕ್ಕೆ ತಿರುಗುತ್ತಾ ಕೊರೆಯುತ್ತದೆ. ಕೊರೆಯುವಾಗಲೇ ಒಂದು ಹಂತದಲ್ಲಿ ಬಿಟ್ ಕಚ್ಚಿ, ಸ್ಟಡ್ ತಾನಾಗಿ ತಿರುಗಿ ಮೇಲೆ ಬಂತು. ಕಾಂಪೌಂಡ್ ಇರುವವರು ಕ್ಯಾಮ್, ಸ್ಟ್ರಿಂಗ್, ಕೇಬಲ್ ಎಲ್ಲ ಬಟ್ಟೆ ಸುತ್ತಿ ಟೇಪ್ ಹಾಕಿಯೇ ಡ್ರಿಲ್ ಹತ್ತಿರ ಹೋಗಿ. ಲೋಹದ ಒಂದು ಸಣ್ಣ ಚೂರು ಸ್ಟ್ರಿಂಗ್ ಎಳೆಗಳ ನಡುವೆ ಸೇರಿದರೂ ಅದು ಒಳಗೇ ಕೊಯ್ಯುತ್ತದೆ.

ಟೂಲ್‌ರೂಮ್_ಬೆಳಗಾವಿ

ಮಂಗಳೂರಿನವರು ಹೇಳಿದ್ದು ಸರಿ. ಲೆಫ್ಟ್ ಹ್ಯಾಂಡ್ ಬಿಟ್ ನಂಬುವಂಥ ದಾರಿ. ಆದರೆ ಅವರದು ಸುಮಾರು 8 ಮಿ.ಮೀ. ಸ್ಟಡ್, ನಡು ಹುಡುಕುವುದು ಸುಲಭ. ಸೈಟ್ ಬೋಲ್ಟ್ 10-24, ಅಂದರೆ 4.8 ಮಿ.ಮೀ. ಥ್ರೆಡ್ ಕಳೆದರೆ ಒಳತಿರುಳು ಮೂರೂವರೆ ಮಿ.ಮೀ. ಆಸುಪಾಸು. ಮುರಿದ ಮುಖ ಓರೆ. ಬಿಟ್ ಗಟ್ಟಿ ಉಕ್ಕಿನ ಮೇಲಿಂದ ಜಾರಿ ಪಕ್ಕದ ಮೆತ್ತನೆ ಅಲ್ಯೂಮಿನಿಯಂಗೆ ಇಳಿದುಬಿಡುತ್ತದೆ. ರೈಸರ್‌ಗಳು ಹಾಳಾಗುವುದು ಬೋಲ್ಟ್ ಮುರಿದದ್ದರಿಂದ ಅಲ್ಲ, ಹೀಗೆ ಜಾರಿದ ಡ್ರಿಲ್‌ನಿಂದ.

ಅದಕ್ಕೆ ಒಂದು ಉಪಾಯ ಇದೆ. ಡ್ರಿಲ್ ಮಾಡುವ ಹೊತ್ತು ಬಂದರೆ ಇದನ್ನೇ ಮಾಡಿಸಿ. ಸೈಟ್ ಬ್ರಾಕೆಟ್ಟನ್ನೇ ಜಿಗ್ ಮಾಡಿಕೊಳ್ಳುವುದು. ಕೆಳಗಿನ ಬೋಲ್ಟ್ ಹಾಕಿ ಬ್ರಾಕೆಟ್ ಅದರ ಜಾಗದಲ್ಲೇ ಕೂರಿಸಿ. ಮೇಲಿನ ತೂತು ಈಗ ಮುರಿದ ಬೋಲ್ಟ್‌ನ ನೆತ್ತಿಗೆ ಸರಿಯಾಗಿ ಬರುತ್ತದೆ. ಯಾವುದಾದರೂ ಲೇತ್‌ನಲ್ಲಿ ಸಣ್ಣ ಹಿತ್ತಾಳೆ ಬುಶ್ ಮಾಡಿಸಿ, ಹೊರಗೆ ಬ್ರಾಕೆಟ್ ತೂತಿಗೆ ಬಿಗಿಯಾಗಿ ಕೂರುವಷ್ಟು, ಒಳಗೆ 2 ಮಿ.ಮೀ. ತೂತು. ಬುಶ್ ಇಟ್ಟು, ಅದರೊಳಗಿಂದ 2 ಮಿ.ಮೀ. ಬಿಟ್ ಇಳಿಸಿದರೆ ಆಚೆ ಈಚೆ ಹೋಗಲು ಜಾಗವೇ ಇಲ್ಲ. ಆಮೇಲೆ ಬುಶ್ ತೆಗೆದು 3 ಮಿ.ಮೀ. ಲೆಫ್ಟ್ ಹ್ಯಾಂಡ್ ಬಿಟ್. ಕಪ್ಪು ಅಲೆನ್ ಬೋಲ್ಟ್ ಬಹಳ ಗಟ್ಟಿ, ಸಾದಾ ಎಚ್‌ಎಸ್‌ಎಸ್ ಬಿಟ್ ಬೇಗ ಮೊಂಡಾಗುತ್ತದೆ, ಕೋಬಾಲ್ಟ್ ಬಿಟ್ ತರಿಸಿ. ವೇಗ ಕಡಿಮೆ, ಎಣ್ಣೆ ಜಾಸ್ತಿ.

ಅಷ್ಟಕ್ಕೂ ಬರದಿದ್ದರೆ ಜಿಟಿಟಿಸಿಗೆ ಹೋಗಿ. ಸರ್ಕಾರಿ ಟೂಲ್‌ರೂಮ್, ಬೆಂಗಳೂರಿನಲ್ಲಿ 1972ರಲ್ಲಿ ಶುರುವಾದದ್ದು, ಈಗ ಹುಬ್ಬಳ್ಳಿ, ಬೆಳಗಾವಿ, ಮೈಸೂರಲ್ಲೂ ಇದೆ. ಸ್ಪಾರ್ಕ್ ಎರೋಷನ್ ಗೊತ್ತಿರುವ ಜನ ಅಲ್ಲಿ ಸಿಗುತ್ತಾರೆ. ಆ ಮೆಷಿನ್ ಕರೆಂಟ್ ಕಿಡಿಯಿಂದ ಬೋಲ್ಟ್‌ನ ತಿರುಳನ್ನು ಮಾತ್ರ ತಿಂದುಹಾಕುತ್ತದೆ, ಥ್ರೆಡ್ ಮುಟ್ಟುವುದಿಲ್ಲ. ಧಾರವಾಡದಿಂದ ಹುಬ್ಬಳ್ಳಿ ದೂರವೇನಲ್ಲ.

ಧಾರವಾಡ_ರಿಕರ್ವ್

ಕಾಕಾ, ನೀವು ಹೇಳಿದ ಹಾಗೇ ಇದೆ! ಮುಖದ ಮುಕ್ಕಾಲು ಭಾಗ ಕಂದಿ ನುಣುಪಾಗಿದೆ, ಕೆಳಗಿನ ಅಂಚಿನಲ್ಲಿ ಮಾತ್ರ ಹೊಳಪು. ಬಿಳಿ ಪುಡಿ ಕಾಣಲಿಲ್ಲ. ಆಚೆ ಬದಿಯಿಂದ ತೂತು ಮುಚ್ಚಿದೆ.

ರಾತ್ರಿ ಎಣ್ಣೆ ಬಿಟ್ಟು ಬೆಳಿಗ್ಗೆ ಸ್ಕ್ರೈಬರ್‌ನಿಂದ ತಳ್ಳಿದೆ. ಮೊದಲು ಏನೂ ಇಲ್ಲ. ಆಮೇಲೆ ಜಗ್ ಅಂತ ಕದಲಿತು, ಕಾಲು ಸುತ್ತು ಬಂತು, ಅಲ್ಲಿಗೇ ನಿಂತಿದೆ. ತೂತಿನ ಬಾಯಲ್ಲಿ ನೀಲಿ ಬಣ್ಣದ ಪುಡಿ ಎದ್ದಿದೆ. ಜೋರು ಮಾಡಲು ಭಯ, ಸ್ಕ್ರೈಬರ್ ತುದಿ ಜಾರಿ ರೈಸರ್ ಗೀಚುತ್ತದೆ. ಮುಂದೇನು ಮಾಡಲಿ?

ಟೂಲ್‌ರೂಮ್_ಬೆಳಗಾವಿ

ಭೇಷ್! ಕದಲಿದೆ ಅಂದರೆ ಡ್ರಿಲ್ ಬೇಕಾಗುವುದಿಲ್ಲ. ಆ ನೀಲಿ ಪುಡಿ ಲಾಕ್‌ಟೈಟ್. ನೀಲಿಯದು ಮಧ್ಯಮ ಹಿಡಿತದ್ದು, ಬಿಸಿ ತಾಗಿದರೆ ಸಡಿಲ ಬಿಡುತ್ತದೆ. ಕೆಂಪು ಆಗಿದ್ದರೆ 250 ಡಿಗ್ರಿ ಬೇಕಾಗುತ್ತಿತ್ತು, ಅದು ರೈಸರ್‌ಗೆ ಒಳ್ಳೆಯದಲ್ಲ.

ಮೊದಲು ಡಬ್ಲ್ಯೂಡಿ-40 ಪೂರ್ತಿ ಒರೆಸಿ ಒಣಗಿಸಿ, ಅದು ಹೊತ್ತಿಕೊಳ್ಳುವ ವಸ್ತು. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಐರನ್ ತನ್ನಿ, ಸಣ್ಣ ಮೊನೆಯದು. ಕಾದ ಮೊನೆಯನ್ನು ಮುರಿದ ಬೋಲ್ಟ್‌ಗೆ ಮಾತ್ರ ತಾಗಿಸಿ, ತೂತಿನ ಗೋಡೆಗೆ ಬೇಡ. ಇನ್ನೊಂದು ಕೈ ತೂತಿನ ಪಕ್ಕ ರೈಸರ್ ಮೇಲೆ ಇರಲಿ. ಕೈ ಇಡಲು ಆಗದಷ್ಟು ಬಿಸಿಯಾದರೆ ತೆಗೆದು ತಣಿಯಲು ಬಿಡಿ. ಕಾಯಿಸಿದ ಕೂಡಲೇ, ಬಿಸಿ ಇರುವಾಗಲೇ ಸ್ಕ್ರೈಬರ್ ಕೊಟ್ಟು ತಳ್ಳಿ. ನಿಂತರೆ ಸ್ವಲ್ಪ ಬಲಕ್ಕೆ ತಂದು ಮತ್ತೆ ಎಡಕ್ಕೆ. ಆಚೀಚೆ ಆಡಿಸಿದರೆ ಪುಡಿ ಸರಿದು ದಾರಿ ಬಿಡುತ್ತದೆ.

ಗೀಚುವ ಭಯಕ್ಕೆ ತೂತಿನ ಸುತ್ತ ಎರಡು ಮೂರು ಪದರ ಮಾಸ್ಕಿಂಗ್ ಟೇಪ್ ಹಚ್ಚಿ. ಒಣಗಿದ ಲಾಕ್‌ಟೈಟ್‌ಗೆ ಅಸಿಟೋನ್ ಹಾಕುವವರಿದ್ದಾರೆ. ಹಾಕುವುದಾದರೆ ಹನಿ ಲೆಕ್ಕದಲ್ಲಿ, ಬಾಣ ಕೂರುವ ರೆಸ್ಟ್‌ನ ಅಂಟಿಗೆ ತಾಗದ ಹಾಗೆ. ತಾಗಿದರೆ ರೆಸ್ಟ್ ಕಿತ್ತು ಬರುತ್ತದೆ, ಅದನ್ನು ಮತ್ತೆ ಹೊಂದಿಸುವುದು ಇನ್ನೊಂದು ಪಾಡು.

ಧಾರವಾಡ_ರಿಕರ್ವ್

ಬಂತು ಕಾಕಾ! ಎರಡನೇ ಸಲ ಕಾಯಿಸಿದಾಗ ಸಲೀಸಾಗಿ ತಿರುಗಿತು. ಥ್ರೆಡ್ ಒಂದೂ ಹಾಳಾಗಿಲ್ಲ, ಟಾರ್ಚ್ ಬಿಟ್ಟು ನೋಡಿದೆ. ಖುಷಿಗೆ ಅಮ್ಮನನ್ನೂ ಕರೆದು ತೋರಿಸಿದೆ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ತಿಳಿಯುತ್ತಿಲ್ಲ.

ಹೊಸ ಬೋಲ್ಟ್ ಬಗ್ಗೆ ಮಾತ್ರ ಗೊಂದಲ ಇದೆ. ಇಲ್ಲಿನ ಹಾರ್ಡ್‌ವೇರ್ ಅಂಗಡಿಯವರು ತುಂಡು ನೋಡಿ "ಇದು ಎಂ5" ಅಂತ ಒಂದು ಕೊಟ್ಟರು. ಕೈಯಲ್ಲೇ ಎರಡು ಸುತ್ತು ಹೋಯಿತು, ಆಮೇಲೆ ಬಿಗಿಯಾಯಿತು. ಅಲೆನ್ ಕೀ ಹಾಕಿ ತಿರುಗಿಸಿದರೆ ಹೋಗುತ್ತದೆ ಅಂದರು. ನಾನು ಬಿಟ್ಟುಬಂದೆ. ಕೆಳಗಿನ ಹಳೇ ಬೋಲ್ಟ್ ಹಾಗೇ ಇರಲಿ ಅಲ್ವಾ?

ಟೂಲ್‌ರೂಮ್_ಬೆಳಗಾವಿ

ಬಿಟ್ಟುಬಂದದ್ದು ಬಹಳ ಒಳ್ಳೆಯದಾಯಿತು, ತಂಗೀ. ಎಂ5 ದಪ್ಪ 5 ಮಿ.ಮೀ., 10-24 ದಪ್ಪ 4.8. ಕಣ್ಣಿಗೆ ಎರಡೂ ಒಂದೇ. ಆದರೆ ಎಂ5ರಲ್ಲಿ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ 0.8 ಮಿ.ಮೀ., 10-24ರಲ್ಲಿ ಇಂಚಿಗೆ 24, ಅಂದರೆ 1.06. ಎರಡು ಸುತ್ತು ಹೊಂದಿದಂತೆ ಕಾಣುತ್ತದೆ, ಆಮೇಲೆ ಕೀ ಹಾಕಿ ತಿರುಗಿಸಿದರೆ ಉಕ್ಕು ಗೆದ್ದು ಅಲ್ಯೂಮಿನಿಯಂ ಥ್ರೆಡ್ ಪುಡಿಯಾಗುತ್ತದೆ. ಅಂಗಡಿಯಲ್ಲಿ ಸುಲಭವಾಗಿ ನೋಡುವ ಬಗೆ: ಹಳೇ ಬೋಲ್ಟ್, ಹೊಸ ಬೋಲ್ಟ್ ಎರಡರ ಥ್ರೆಡ್ ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿಯಿರಿ. ಹಲ್ಲಿಗೆ ಹಲ್ಲು ಕೂತು ಬೆಳಕು ತೂರದಿದ್ದರೆ ಸರಿ. ಹಳೇ ಅಂಗಡಿಗಳಲ್ಲಿ 3/16 ವಿಟ್‌ವರ್ತ್ ತಿರುಪು ಕೊಡುತ್ತಾರೆ, ಅದರಲ್ಲೂ ಇಂಚಿಗೆ 24 ಥ್ರೆಡ್, ಸಲೀಸಾಗಿ ಹೋಗುತ್ತದೆ ಕೂಡ. ಆದರೆ ಥ್ರೆಡ್‌ನ ಕೋನ ಬೇರೆ, ದಪ್ಪವೂ ಒಂದು ಗುಲಗಂಜಿ ಕಡಿಮೆ. ಅದೂ ಬೇಡ.

"10-24 ಯುಎನ್‌ಸಿ, ಕೌಂಟರ್‌ಸಂಕ್, ಅಲೆನ್" ಅಂತ ಚೀಟಿಯಲ್ಲಿ ಬರೆದು ಕೇಳಿ. ಬಿಲ್ಲಿನ ಸಾಮಾನು ಮಾರುವವರ ಬಳಿ ಸೈಟ್ ಸ್ಕ್ರೂ ಅಂತಲೇ ಸಿಗುತ್ತದೆ. ಯಾವ ಕಂಪನಿಯದಾದರೂ ಆಗುತ್ತದೆ, ಈ ಅಳತೆ ಎಲ್ಲರಿಗೂ ಒಂದೇ. ತೂತುಗಳ ನಡುವಿನ ಅಂತರವೂ 33.3 ಮಿ.ಮೀ. ಅಂತ ನಿಗದಿ. ಕೌಂಟರ್‌ಸಂಕ್ ತಲೆಗೆ ಬೇಕಾದ ಕೀ 1/8 ಇಂಚು. 3 ಮಿ.ಮೀ. ಕೀ ಹಾಕಬೇಡಿ, ಸಡಿಲವಾಗಿ ತಲೆಯ ಮೂಲೆ ಸವೆಸುತ್ತದೆ.

ಕೆಳಗಿನದನ್ನೂ ಬದಲಾಯಿಸಿ. ಅದೂ ಅದೇ ತಲೆ, ಅದೇ ಅದುರು ತಿಂದಿದೆ. ಮೇಲಿನದು ಮುರಿದಾಗ ಇಡೀ ಸೈಟ್ ಭಾರ ಅದರ ಮೇಲೆ ಬಿದ್ದಿದೆ. ಬಿರುಕು ಕಣ್ಣಿಗೆ ಕಾಣದಿರಬಹುದು.

ತೂತು ಮುಚ್ಚಿರುವುದರಿಂದ ಉದ್ದ ನೋಡಿಕೊಳ್ಳಿ. ಬ್ರಾಕೆಟ್ ಇಟ್ಟು ಹಲ್ಲುಕಡ್ಡಿ ಇಳಿಸಿ ಆಳ ಅಳೆಯಿರಿ, ಬೋಲ್ಟ್ ಅದಕ್ಕಿಂತ 1 ಮಿ.ಮೀ. ಗಿಡ್ಡ ಇರಲಿ. ಉದ್ದವಾದರೆ ತಳಕ್ಕೆ ಮುಟ್ಟುತ್ತದೆ, ಬಿಗಿಯಾದ ಹಾಗೆ ಅನಿಸುತ್ತದೆ, ಬ್ರಾಕೆಟ್ ಮಾತ್ರ ಅಲುಗುತ್ತಲೇ ಇರುತ್ತದೆ. ರೈಸರ್ ಒಳಗೆ 7 ಮಿ.ಮೀ. ಆದರೂ ಹಿಡಿತ ಸಿಗಬೇಕು.

ತೂತಿನ ಎಣ್ಣೆಯನ್ನು ಕಿವಿ ಕಡ್ಡಿಗೆ ಅಸಿಟೋನ್ ಅದ್ದಿ ಪೂರ್ತಿ ತೆಗೆಯಿರಿ, ಎಣ್ಣೆ ಇದ್ದರೆ ಲಾಕ್‌ಟೈಟ್ ಹಿಡಿಯುವುದಿಲ್ಲ. ನೀಲಿಯದು, ಒಂದೊಂದು ಬೋಲ್ಟ್‌ಗೆ ಒಂದೇ ಹನಿ. ಸೈಟ್‌ನ ಪ್ಲಾಸ್ಟಿಕ್ ಭಾಗಕ್ಕೆ ತಾಗದಿರಲಿ, ಕೆಲವು ಪ್ಲಾಸ್ಟಿಕ್ ಬಿರಿಯುತ್ತವೆ. ಎರಡೂ ಬೋಲ್ಟ್ ಕೈಯಲ್ಲಿ ಕೂರಿಸಿ, ಸ್ವಲ್ಪ ಇದು ಸ್ವಲ್ಪ ಅದು ಅಂತ ಬಿಗಿ ಮಾಡಿ. ಕೀಯ ಉದ್ದ ಕಾಲು ತೂತಿಗೆ ಹಾಕಿ, ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಷ್ಟು ಬಿಗಿ ಸಾಕು. 24 ಗಂಟೆ ಬಿಡಿ. ಆಮೇಲೆ ಬೋಲ್ಟ್ ತಲೆಯಿಂದ ಬ್ರಾಕೆಟ್ ಮೇಲೆ ದಾಟುವಂತೆ ಬಿಳಿ ಪೇಂಟ್ ಪೆನ್ನಿಂದ ಒಂದು ಗೆರೆ ಎಳೆಯಿರಿ. ಅಭ್ಯಾಸಕ್ಕೆ ಮುಂಚೆ ಕಣ್ಣು ಹಾಯಿಸಿದರೆ ಗೆರೆ ಮುರಿದಿದೆಯೋ ಇಲ್ಲವೋ ತಿಳಿಯುತ್ತದೆ.

ಎರಡು ಬೋಲ್ಟ್, ಒಂದು 1/8 ಕೀ ಕ್ವಿವರ್ ಚೀಲದಲ್ಲಿ ಸದಾ ಇರಲಿ. ನಾಕೌಟ್ ಪಂದ್ಯದಲ್ಲಿ ರಿಪೇರಿಗೆ ಅಂತ ಬೇರೆ ಸಮಯ ಕೊಡುವುದಿಲ್ಲ.

ಧಾರವಾಡ_ರಿಕರ್ವ್

ಚೀಟಿ ಬರೆದುಕೊಂಡೆ ಕಾಕಾ. ಒಂದೇ ಒಂದು ಪ್ರಶ್ನೆ. ಹೊಸ ಬೋಲ್ಟ್ ಹಾಕಿದ ಮೇಲೆ ಒಂದೊಂದು ದೂರಕ್ಕೆ ಬರೆದಿಟ್ಟ ಹಳೇ ಸೈಟ್ ಗುರುತುಗಳು ಹಾಗೇ ನಡೆಯುತ್ತವೆಯೇ?

ಟೂಲ್‌ರೂಮ್_ಬೆಳಗಾವಿ

ನಡೆಯುತ್ತವೆ ಅಂತ ನಂಬಬೇಡಿ. ಕೌಂಟರ್‌ಸಂಕ್ ತಲೆ ಬ್ರಾಕೆಟ್ಟನ್ನು ತನ್ನ ನಡುವಿಗೆ ಎಳೆದುಕೊಳ್ಳುತ್ತದೆ, ಹಳೆಯದು ಎಲ್ಲಿ ಕೂತಿತ್ತೋ ಅಲ್ಲೇ ಕೂರುವುದಿಲ್ಲ. ಮೊದಲು 18 ಮೀಟರ್‌ನಲ್ಲಿ ಎಡಬಲ ಸರಿ ಮಾಡಿಕೊಳ್ಳಿ. ಆಮೇಲೆ 30, 50, 70 ಅಂತ ಹಿಂದೆ ಸರಿಯುತ್ತಾ ಹೊಸ ಗುರುತು ಬರೆದುಕೊಳ್ಳಿ. ನೇರವಾಗಿ 70ಕ್ಕೆ ನಿಂತರೆ ಬಾಣ ಹುಡುಕುವುದರಲ್ಲೇ ಸಂಜೆ ಹೋಗುತ್ತದೆ.